ಠಾಣೆಯ ಮೇಜಿನಿಂದ ದೆಹಲಿಯ ಕೋಷ್ಟಕದವರೆಗೆ: ಅಪರಾಧಗಳನ್ನು ಎಣಿಸುವವರು ಯಾರು?

ಪ್ರಶ್ನೆ: ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿ ಬಂದ ಮರುದಿನ ‘ಅಪರಾಧದಲ್ಲಿ ಈ ರಾಜ್ಯ ಮೊದಲು, ಆ ನಗರ ಎರಡನೆಯದು’ ಎಂಬ ಸುದ್ದಿ ಎಲ್ಲ ಕಡೆ ಬರುತ್ತದೆ. ಈ ಲೆಕ್ಕ ಬರೆಯುವವರು ಯಾರು? ರಾಜ್ಯಗಳು ಕೊಟ್ಟ ಅಂಕಿಗಳನ್ನು ದೆಹಲಿಯಲ್ಲಿ ಯಾರಾದರೂ ಪರಿಶೀಲಿಸುತ್ತಾರೆಯೇ? ಕೇಳಲು ಒಂದು ಕಾರಣವಿದೆ. ಕಳೆದ ತಿಂಗಳು ಬಸ್ಸಿನಲ್ಲಿ ನನ್ನ ಮೊಬೈಲ್ ಕಳುವಾಯಿತು. ಠಾಣೆಗೆ ಹೋದರೆ ‘ಕಳೆದುಹೋಗಿದೆ’ ಎಂದು ಬರೆಸಿಕೊಂಡು, ಒಂದು ಸ್ವೀಕೃತಿ ಕೊಟ್ಟು ಕಳುಹಿಸಿದರು. ನನ್ನ ಮೊಬೈಲ್ ಆ ವರದಿಯ ಯಾವುದಾದರೂ ಕೋಷ್ಟಕದಲ್ಲಿ ಇರುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಇರುವುದಿಲ್ಲ. ವಸ್ತು ಕಳೆದುಹೋಗುವುದು ಅಪರಾಧವಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿರುವ ಸ್ವೀಕೃತಿಗೆ ಅಪರಾಧ ಸಂಖ್ಯೆ ಇಲ್ಲ. ಅಪರಾಧ ಸಂಖ್ಯೆ ಇಲ್ಲದ್ದು ಜಿಲ್ಲೆಯ ಲೆಕ್ಕಕ್ಕೆ ಸೇರುವುದಿಲ್ಲ, ಜಿಲ್ಲೆಯಲ್ಲಿ ಇಲ್ಲದ್ದು ದೆಹಲಿಗೆ ಹೋಗುವ ಮಾತೇ ಇಲ್ಲ. ನಿಮ್ಮ ಜೇಬಿನ ಮಟ್ಟಿಗೆ ಕಳವು ನಡೆದಿದೆ, ದೇಶದ ಲೆಕ್ಕದ ಮಟ್ಟಿಗೆ ಆ ದಿನ ಆ ಬಸ್ಸಿನಲ್ಲಿ ಏನೂ ನಡೆದಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದ ಪ್ರಶ್ನೆಗಳು ಸುಲಭವಾಗುತ್ತವೆ. ಏಕೆಂದರೆ ಈ ಇಡೀ ಲೆಕ್ಕದಲ್ಲಿ ನಿಜವಾದ ತೀರ್ಮಾನ ಆಗುವುದು ಠಾಣೆಯ ಮೇಜಿನ ಮೇಲೆ. ಅಲ್ಲಿಂದ ಮೇಲಕ್ಕೆ ನಡೆಯುವುದು ಬಹುಪಾಲು ಕೂಡುವ ಕೆಲಸ.

ನಮ್ಮ ಸಂವಿಧಾನದಲ್ಲಿ ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ಎರಡೂ ರಾಜ್ಯ ಪಟ್ಟಿಯಲ್ಲಿವೆ. ಎಫ್‌ಐಆರ್ ಬರೆಯುವವರು, ತನಿಖೆ ಮಾಡುವವರು, ದೋಷಾರೋಪ ಪಟ್ಟಿ ಸಲ್ಲಿಸುವವರು ಎಲ್ಲರೂ ರಾಜ್ಯದ ನೌಕರರು. ‘ಕ್ರೈಂ ಇನ್ ಇಂಡಿಯಾ’ ಎಂಬ ವಾರ್ಷಿಕ ವರದಿ 1953ರಿಂದ ಬರುತ್ತಿದೆ. ಈಗ ಅದನ್ನು ಹೊರತರುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಹುಟ್ಟಿದ್ದು 1986ರಲ್ಲಿ. ಅದು ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿರುವ ಸಂಸ್ಥೆ. ಆದರೆ ಯಾವ ರಾಜ್ಯದ ಠಾಣೆಯ ಮೇಲೂ ಅದಕ್ಕೆ ಅಧಿಕಾರವಿಲ್ಲ. ನಮೂನೆ ಕಳುಹಿಸಬಹುದು, ಜ್ಞಾಪನ ಪತ್ರ ಬರೆಯಬಹುದು, ತರಬೇತಿ ಕೊಡಬಹುದು. ‘ಈ ಲೆಕ್ಕ ತಪ್ಪು, ನಾವೇ ಬಂದು ಎಣಿಸುತ್ತೇವೆ’ ಎನ್ನುವ ಹಾಗಿಲ್ಲ. 2019ನೇ ಸಾಲಿನ ವರದಿಯಲ್ಲಿ ಪಶ್ಚಿಮ ಬಂಗಾಳದ ಸಾಲಿಗೆ ಒಂದು ಅಡಿಟಿಪ್ಪಣಿ ಇದೆ: ಆ ವರ್ಷದ ಅಂಕಿ ಬಾರದ ಕಾರಣ 2018ರದ್ದನ್ನೇ ಬಳಸಲಾಗಿದೆ ಎಂದು. ಹತ್ತು ಕೋಟಿಗೆ ಹತ್ತಿರದ ಜನಸಂಖ್ಯೆಯ ರಾಜ್ಯ! ಅಖಿಲ ಭಾರತ ಮೊತ್ತದಲ್ಲಿ ಒಂದು ವರ್ಷ ಹಳೆಯ ಲೆಕ್ಕ ಹಾಗೆಯೇ ಕುಳಿತಿತು, ಪತ್ರಿಕೆಗಳ ತಲೆಬರಹಗಳಲ್ಲಿ ಆ ಟಿಪ್ಪಣಿಗೆ ಜಾಗವಿರಲಿಲ್ಲ.

ದಾರಿ ಹೀಗಿದೆ. ದೂರು ಬರುತ್ತದೆ, ಠಾಣಾಧಿಕಾರಿ ಅದು ಸಂಜ್ಞೇಯ ಅಪರಾಧವೋ ಅಸಂಜ್ಞೇಯವೋ ಎಂದು ನಿರ್ಧರಿಸುತ್ತಾರೆ. ಅಸಂಜ್ಞೇಯವಾದರೆ, ಅಂದರೆ ನ್ಯಾಯಾಲಯದ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ನಡೆಸಲಾಗದ ಬೈಗುಳ, ಸಣ್ಣಪುಟ್ಟ ಕೈಕೈ ಮಿಲಾಯಿಸುವಿಕೆಯಂಥದ್ದಾದರೆ, ಎನ್‌ಸಿಆರ್ ಎಂಬ ಅಸಂಜ್ಞೇಯ ಅಪರಾಧದ ವರದಿ ಬರೆದು ಕೈಬಿಡುತ್ತಾರೆ. ನೀವು ಓದುವ ರಾಷ್ಟ್ರೀಯ ಮೊತ್ತದಲ್ಲಿ ಇರುವುದು ಸಂಜ್ಞೇಯ ಅಪರಾಧಗಳು ಮಾತ್ರ. ಎಫ್‌ಐಆರ್ ಆದರೆ ಅದಕ್ಕೆ ಆ ಠಾಣೆಯ ಆ ವರ್ಷದ ಕ್ರಮಸಂಖ್ಯೆ ಸಿಗುತ್ತದೆ. ಠಾಣೆಯ ಬರಹಗಾರರು, ಎಲ್ಲರೂ ‘ರೈಟರ್’ ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್, ಅದನ್ನು ಕಂಪ್ಯೂಟರಿಗೆ ಏರಿಸುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ‘ಪೊಲೀಸ್ ಐಟಿ’ ಎಂಬ ರಾಜ್ಯದ್ದೇ ತಂತ್ರಾಂಶವಿದೆ. ದೇಶದ ಠಾಣೆಗಳನ್ನೆಲ್ಲ ಬೆಸೆಯಲು 2009ರಲ್ಲಿ ಮಂಜೂರಾದ ಸಿಸಿಟಿಎನ್‌ಎಸ್ ಜಾಲಕ್ಕೆ ಅದನ್ನು ಜೋಡಿಸಲಾಗಿದೆ. ಠಾಣೆಯಿಂದ ಜಿಲ್ಲಾ ಅಪರಾಧ ದಾಖಲೆಗಳ ಘಟಕ, ಅಲ್ಲಿಂದ ಬೆಂಗಳೂರಿನಲ್ಲಿರುವ ರಾಜ್ಯ ಘಟಕ, ಅಲ್ಲಿಂದ ದೆಹಲಿ. 2011ರ ಜನಗಣತಿಯ ಪ್ರಕಾರ 20 ಲಕ್ಷ ಮೀರಿದ ಜನಸಂಖ್ಯೆಯಿರುವ 19 ಮಹಾನಗರಗಳ ಲೆಕ್ಕ ಬೇರೆಯಾಗಿಯೂ ಹೋಗುತ್ತದೆ.

ಪ್ರತಿ ಹಂತದಲ್ಲೂ ಪರಿಶೀಲನೆ ಇದೆ, ಆದರೆ ಅದು ಯಾವ ಬಗೆಯದು ಎನ್ನುವುದು ಮುಖ್ಯ. ಹಿಂದಿನ ವರ್ಷದ ಕೊನೆಗೆ ತನಿಖೆಗೆ ಬಾಕಿ ಇದ್ದ ಪ್ರಕರಣಗಳ ಸಂಖ್ಯೆಯೂ ಈ ವರ್ಷದ ಆರಂಭದ ಬಾಕಿಯೂ ತಾಳೆಯಾಗುತ್ತವೆಯೇ? ಜಿಲ್ಲೆಗಳ ಮೊತ್ತ ರಾಜ್ಯದ ಮೊತ್ತಕ್ಕೆ ಸಮವೇ? ಕೊಲೆ ಪ್ರಕರಣಗಳಿಗಿಂತ ಕೊಲೆಯಾದವರ ಸಂಖ್ಯೆ ಕಡಿಮೆ ಬಂದಿದೆಯೇ? ಒಂದು ಜಿಲ್ಲೆಯಲ್ಲಿ ಒಂದು ಶೀರ್ಷಿಕೆಯ ಅಂಕಿ ಏಕಾಏಕಿ ಐದು ಪಟ್ಟು ಏರಿದ್ದು ಏಕೆ? ಇಂಥ ಪ್ರಶ್ನೆಗಳು ಮೇಲಿನಿಂದ ಕೆಳಕ್ಕೆ ಬರುತ್ತವೆ, ಉತ್ತರಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ವರದಿ ತಡವಾಗುವುದಕ್ಕೆ ಈ ಓಡಾಟವೂ ಒಂದು ಕಾರಣ. 2022ರದ್ದು 2023ರ ಡಿಸೆಂಬರಿನಲ್ಲಿ ಬಂತು, 2023ರದ್ದು 2025ರ ಸೆಪ್ಟೆಂಬರ್ ಕೊನೆಯವರೆಗೂ ಬರಲಿಲ್ಲ. ಇಷ್ಟೆಲ್ಲ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಕೂಡಿಸುವಾಗ ಆದ ತಪ್ಪುಗಳು. ಠಾಣೆಯ ಬಾಗಿಲಿಗೆ ಬಂದು ದಾಖಲಾಗದೆ ಹಿಂದಿರುಗಿದ ದೂರನ್ನು ಯಾವ ತಾಳೆಯೂ ಹಿಡಿಯಲಾರದು. ಎನ್‌ಸಿಆರ್‌ಬಿಯೂ ಇದನ್ನು ಮುಚ್ಚಿಡುವುದಿಲ್ಲ. ಅಪರಾಧ ಹೆಚ್ಚಾಗುವುದು ಬೇರೆ, ದಾಖಲಾಗುವ ಅಪರಾಧ ಹೆಚ್ಚಾಗುವುದು ಬೇರೆ ಎಂದು ವರದಿಯ ಆರಂಭದಲ್ಲೇ ಎಚ್ಚರಿಕೆ ಕೊಟ್ಟಿರುತ್ತದೆ. ಆ ಪುಟವನ್ನು ಓದದೆ ಕೋಷ್ಟಕಕ್ಕೆ ಜಿಗಿಯುವುದು ನಮ್ಮ ರಾಷ್ಟ್ರೀಯ ಅಭ್ಯಾಸ.

ಈಗ ಒಂದು ಎಫ್‌ಐಆರ್ ಅನ್ನೇ ಹತ್ತಿರದಿಂದ ನೋಡೋಣ. ಒಬ್ಬ ರಾತ್ರಿ ಬೀಗ ಮುರಿದು ಮನೆಗೆ ನುಗ್ಗುತ್ತಾನೆ, ಎಚ್ಚರಗೊಂಡ ಮಹಿಳೆಯನ್ನು ಕೊಲ್ಲುತ್ತಾನೆ, ಸರ ಕಿತ್ತುಕೊಂಡು ಓಡುತ್ತಾನೆ ಎಂದುಕೊಳ್ಳಿ. ಠಾಣೆಯಲ್ಲಿ, ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕೊಲೆಯ ಕಲಂ 103, ಸುಲಿಗೆಯ ಕಲಂ 309, ಜೊತೆಗೆ ಮನೆಗೆ ಕನ್ನ ಹಾಕಿದ ಕಲಂ, ಎಲ್ಲವನ್ನೂ ಬರೆಯುತ್ತಾರೆ. ರಾಷ್ಟ್ರೀಯ ಲೆಕ್ಕಕ್ಕೆ ಹೋಗುವುದು ಮಾತ್ರ ‘ಕೊಲೆ: 1’. ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಕಲಂಗಳಿದ್ದರೂ ಅತಿ ಹೆಚ್ಚು ಶಿಕ್ಷೆಯಿರುವ ಅಪರಾಧ ಯಾವುದೋ ಅದರ ಅಡಿಯಲ್ಲಿ ಒಮ್ಮೆ ಮಾತ್ರ ಎಣಿಸಬೇಕು ಎಂಬ ಪ್ರಧಾನ ಅಪರಾಧದ ನಿಯಮ ಇದಕ್ಕೆ ಕಾರಣ. ಸುಲಿಗೆಯ ಕೋಷ್ಟಕದಲ್ಲಿ ಆ ಸರದ ಸುಳಿವಿಲ್ಲ, ಕನ್ನಗಳವಿನ ಕೋಷ್ಟಕದಲ್ಲಿ ಆ ಮನೆಯಿಲ್ಲ. ಕೊಲೆಗೆ ಕಾರಣಗಳನ್ನು ಹೇಳುವ ಕೋಷ್ಟಕದಲ್ಲಿ ‘ಲಾಭಕ್ಕಾಗಿ’ ಎಂಬ ಅಂಕಣದಲ್ಲಿ ಒಂದು ಅಂಕಿ ಹೆಚ್ಚಾಗಿರುತ್ತದೆ, ಅಷ್ಟೇ.

ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಒಂದೇ ಘಟನೆಯನ್ನು ಮೂರು ಸಲ ಎಣಿಸಿದರೆ ಮೊತ್ತಕ್ಕೆ ಅರ್ಥವಿರುವುದಿಲ್ಲ. ಅಮೆರಿಕದಲ್ಲಿ ಎಫ್‌ಬಿಐ 1930ರಿಂದ ಸಂಗ್ರಹಿಸುತ್ತಿದ್ದ ಲೆಕ್ಕದಲ್ಲೂ ಇಂಥದ್ದೇ ನಿಯಮವಿತ್ತು. ಅಲ್ಲಿ 2021ರ ಜನವರಿಯಿಂದ, ಒಂದು ಘಟನೆಯೊಳಗಿನ ಬೇರೆ ಬೇರೆ ಅಪರಾಧಗಳನ್ನೂ ದಾಖಲಿಸುವ ಹೊಸ ಪದ್ಧತಿಗೆ ಪೂರ್ತಿಯಾಗಿ ಬದಲಾದರು. ಬದಲಾಗಲು ಆಗದ ಸಾವಿರಾರು ಪೊಲೀಸ್ ಇಲಾಖೆಗಳ ಲೆಕ್ಕ ಆ ವರ್ಷ ಬರಲೇ ಇಲ್ಲ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ದೊಡ್ಡ ನಗರಗಳದ್ದೂ ಸೇರಿ. ಸ್ಥಳೀಯ ಸಂಸ್ಥೆಗಳ ಮೇಲೆ ನಿಂತ ರಾಷ್ಟ್ರೀಯ ಲೆಕ್ಕದ ಪಾಡು ಎಲ್ಲ ಕಡೆಯೂ ಹೀಗೆಯೇ.

ನಮ್ಮಲ್ಲಿ ಶೀರ್ಷಿಕೆ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಉತ್ತಮ ಉದಾಹರಣೆ ಅಪರಾಧದ್ದಲ್ಲ, ಆತ್ಮಹತ್ಯೆಯದು. ಅದೂ ಠಾಣೆಗಳಿಂದಲೇ ಸಂಗ್ರಹವಾಗಿ ಎನ್‌ಸಿಆರ್‌ಬಿಯೇ ಪ್ರಕಟಿಸುವ ಲೆಕ್ಕ. 2013ರಲ್ಲಿ ರೈತರ ಆತ್ಮಹತ್ಯೆ 11,772 ಇತ್ತು, 2014ರಲ್ಲಿ 5,650 ಆಯಿತು. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ! ಆ ವರ್ಷದಿಂದ ಸಾಗುವಳಿದಾರರನ್ನು ಒಂದು ಅಂಕಣದಲ್ಲೂ ಕೃಷಿ ಕೂಲಿಕಾರರನ್ನು ಇನ್ನೊಂದು ಅಂಕಣದಲ್ಲೂ ಬರೆಯತೊಡಗಿದ್ದರು. ಕೂಲಿಕಾರರ ಅಂಕಣದಲ್ಲಿ 6,710 ಇತ್ತು. ಎರಡನ್ನೂ ಕೂಡಿದರೆ 12,360. ಹಿಂದಿನ ವರ್ಷಕ್ಕಿಂತ ಹೆಚ್ಚು.

ಕಾನೂನಿನ ಒಂದೇ ಒಂದು ಕಲಂ ದೇಶದ ಮೊತ್ತವನ್ನೇ ಅಲುಗಾಡಿಸಿದ್ದೂ ಉಂಟು. 2019ರಲ್ಲಿ ದೇಶದಲ್ಲಿ ದಾಖಲಾದ ಒಟ್ಟು ಸಂಜ್ಞೇಯ ಅಪರಾಧಗಳು 51,56,158. ಮರುವರ್ಷ 66,01,285. ಶೇ 28ರಷ್ಟು ಏರಿಕೆ, ಅದೂ ಜನ ತಿಂಗಳುಗಟ್ಟಲೆ ಮನೆಯೊಳಗೆ ಇದ್ದ ವರ್ಷದಲ್ಲಿ. ಸರ್ಕಾರಿ ಅಧಿಕಾರಿಯ ಆದೇಶ ಉಲ್ಲಂಘಿಸುವುದಕ್ಕೆ ಆಗ ಇದ್ದ ಐಪಿಸಿ ಕಲಂ 188ರ ಸಾಲನ್ನು ನೋಡಿದರೆ ಗುಟ್ಟು ತಿಳಿಯುತ್ತದೆ: 2019ರಲ್ಲಿ 29,469 ಇದ್ದದ್ದು 2020ರಲ್ಲಿ 6,12,179. ಲಾಕ್‌ಡೌನ್ ಮುರಿದವರ ಮೇಲಿನ ಪ್ರಕರಣಗಳು ಅವು. ಅದೇ ವರ್ಷ ಮಹಿಳೆಯರ ವಿರುದ್ಧದ ಅಪರಾಧಗಳು 4,05,326ರಿಂದ 3,71,503ಕ್ಕೆ ಇಳಿದಿದ್ದವು. ಮನೆಯೊಳಗಿನ ಹಿಂಸೆ ಕಡಿಮೆಯಾಯಿತೆಂದು ಇದರಿಂದ ತೀರ್ಮಾನಿಸಲು ನನಗೆ ಧೈರ್ಯವಿಲ್ಲ. ಹೊಡೆಯುವ ಗಂಡ ದಿನವಿಡೀ ಮನೆಯಲ್ಲೇ ಇದ್ದ, ಬಸ್ಸು ಇರಲಿಲ್ಲ, ಠಾಣೆಗೆ ಹೋಗುವ ದಾರಿಯಲ್ಲಿ ತಡೆಗೋಡೆಗಳಿದ್ದವು. ಮರುವರ್ಷ ಅದು 4,28,278ಕ್ಕೆ ಏರಿತು.

ನ್ಯಾಯಾಲಯದ ಒಂದು ಆದೇಶವೂ ಹೀಗೆಯೇ ಅಂಕಿಯನ್ನು ಏರಿಸುತ್ತದೆ. ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಅಪಹರಣ ಅಥವಾ ಮಾನವ ಕಳ್ಳಸಾಗಣೆ ಎಂದೇ ಮೊದಲು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಿನಲ್ಲಿ ಹೇಳಿತು. ಪರೀಕ್ಷೆಯ ಫಲಿತಾಂಶಕ್ಕೆ ಹೆದರಿ ಅಜ್ಜಿಯ ಮನೆಗೆ ಹೋದ ಹುಡುಗನೂ, ಪ್ರೀತಿಸಿದವನ ಜೊತೆ ಹೊರಟ ಹದಿನೇಳರ ಹುಡುಗಿಯೂ ಅಪಹರಣದ ಲೆಕ್ಕದಲ್ಲಿ ಬರುತ್ತಾರೆ. ಮಕ್ಕಳನ್ನು ಹುಡುಕುವುದಕ್ಕೆ ಇದು ಬಹಳ ಒಳ್ಳೆಯ ಆದೇಶ; ಅಪಹರಣದ ಕೋಷ್ಟಕವನ್ನು ಸಿನಿಮಾದ ಕಣ್ಣಿನಿಂದ ಓದುವವರಿಗೆ ಮಾತ್ರ ದಾರಿ ತಪ್ಪಿಸುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದ ಸಂವಿಧಾನ ಪೀಠದ ತೀರ್ಪು ಬಂತು: ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ಕಡ್ಡಾಯ. ಇದನ್ನು ಪ್ರಾಮಾಣಿಕವಾಗಿ ಪಾಲಿಸಿದ ಜಿಲ್ಲೆಯ ಅಂಕಿ ಏರುತ್ತದೆ, ಪಾಲಿಸದ ಜಿಲ್ಲೆ ಶಾಂತವಾಗಿ ಕಾಣುತ್ತದೆ.

ಇಲ್ಲೇ ಇಡೀ ವ್ಯವಸ್ಥೆಯ ನೋವಿನ ಜಾಗವಿದೆ. ಎಣಿಸುವವರೂ ಅಂಕಿಯಿಂದ ಅಳೆಸಿಕೊಳ್ಳುವವರೂ ಒಬ್ಬರೇ. ಮಾಸಿಕ ಅಪರಾಧ ಪರಿಶೀಲನಾ ಸಭೆಯಲ್ಲಿ ಎಸ್‌ಪಿಯವರು ‘ನಿಮ್ಮ ಠಾಣೆಯಲ್ಲಿ ಕಳವು ಏಕೆ ಹೆಚ್ಚಿದೆ?’ ಎಂದು ಕೇಳುತ್ತಾರೆ. ದಾಖಲಾದ ಕಳವು ಪತ್ತೆಯಾಗದಿದ್ದರೆ ಕರ್ನಾಟಕದ ಪೊಲೀಸರು ‘ಸಿ ರಿಪೋರ್ಟ್’ ಎನ್ನುವ ಅಂತಿಮ ವರದಿ ಹಾಕಬೇಕು. ಸುಳ್ಳು ಅಥವಾ ತಪ್ಪು ತಿಳಿವಳಿಕೆಯ ದೂರಿಗೆ ಹಾಕುವ ‘ಬಿ ರಿಪೋರ್ಟ್’ನ ಹಾಗೆ ಅದಕ್ಕೂ ಕಡತ, ಸಹಿ, ನ್ಯಾಯಾಲಯದ ಓಡಾಟ ಇದ್ದೇ ಇದೆ. ಬಸ್ಸಿನಲ್ಲಿ ಹೋದ ಮೊಬೈಲು ಸಿಗುವ ಸಾಧ್ಯತೆ ಕಡಿಮೆ ಎಂದು ಮೇಜಿನ ಆಚೆ ಕುಳಿತವರಿಗೆ ಗೊತ್ತು. ಹಾಗಾಗಿ ‘ಕಳುವಾಯಿತು’ ಎಂದು ನೀವು ಹೇಳಿದ್ದು ಕಾಗದದಲ್ಲಿ ‘ಕಳೆದುಹೋಯಿತು’ ಆಗುತ್ತದೆ. ಇದನ್ನು ಒಬ್ಬ ಪೇದೆಯ ಕೆಟ್ಟತನ ಎಂದು ಬೈದು ಮುಗಿಸಲಾಗದು. ಕಡಿಮೆ ಅಂಕಿಯನ್ನು ಮೆಚ್ಚುವ ಮೇಲಧಿಕಾರಿ, ಏರಿದ ಅಂಕಿಯನ್ನು ಹಿಡಿದು ವಿಧಾನಸಭೆಯಲ್ಲಿ ಕೂಗಾಡುವ ವಿರೋಧ ಪಕ್ಷ, ‘ನಂಬರ್ ಒನ್’ ಎಂದು ಬರೆಯುವ ಪತ್ರಿಕೆ, ಎಲ್ಲರೂ ಸೇರಿ ಆ ಕಾಗದವನ್ನು ಬರೆಸಿದ್ದಾರೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಸೈಬರ್ ಅಪರಾಧದಲ್ಲಿದೆ. ಕರ್ನಾಟಕದಲ್ಲಿ 2022ರಲ್ಲಿ 12,556 ಸೈಬರ್ ಪ್ರಕರಣಗಳು ದಾಖಲಾದವು, ತೆಲಂಗಾಣದಲ್ಲಿ 15,297. ಉಳಿದ ಎಷ್ಟೋ ದೊಡ್ಡ ರಾಜ್ಯಗಳು ಇವೆರಡರ ಹತ್ತಿರವೂ ಬರಲಿಲ್ಲ. ಅಲ್ಲಿನ ಜನರಿಗೆ ಒಟಿಪಿ ಕೇಳುವ ಕರೆಗಳು ಬರುವುದಿಲ್ಲವೇ? ಬರುತ್ತವೆ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲೂ ಬೆಂಗಳೂರಿನ ವಿಭಾಗಗಳಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಸಿಇಎನ್ ಠಾಣೆಗಳಿವೆ, ದೂರು ಕೊಡಲು ಒಂದು ನಿರ್ದಿಷ್ಟ ಜಾಗವಿದೆ, ಜನರೂ ಹೋಗುತ್ತಾರೆ. ದೇಶದಾದ್ಯಂತ 2022ರಲ್ಲಿ ದಾಖಲಾದ ಸೈಬರ್ ಪ್ರಕರಣಗಳು 65,893 ಮಾತ್ರ. 1930 ಸಂಖ್ಯೆಯ ಸಹಾಯವಾಣಿಗೂ ರಾಷ್ಟ್ರೀಯ ಸೈಬರ್ ದೂರು ಪೋರ್ಟಲ್‌ಗೂ ಬರುವ ದೂರುಗಳು ಲಕ್ಷಗಟ್ಟಲೆ. ಆ ದೂರುಗಳಲ್ಲಿ ಎಫ್‌ಐಆರ್ ಆಗಿ ಬದಲಾಗುವುದು ಸಣ್ಣ ಪಾಲು. ಉಳಿದವು ವಾರ್ಷಿಕ ವರದಿಗೆ ಬರುವುದಿಲ್ಲ.

ನಗರಗಳ ಅಪರಾಧ ಪ್ರಮಾಣದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಬೆಂಗಳೂರಿನ ಹೆಸರು ಇದರಲ್ಲಿ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತದೆ. ಅಪರಾಧ ಪ್ರಮಾಣ ಎಂದರೆ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂಬ ಲೆಕ್ಕ. ರಾಜ್ಯಗಳಿಗೆ ಆಯಾ ವರ್ಷದ ಮಧ್ಯದ ಅಂದಾಜು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಮಹಾನಗರಗಳಿಗೆ ಹಾಗಲ್ಲ, 2011ರ ಜನಗಣತಿಯ ಅಂಕಿಯಿಂದಲೇ. ಬೆಂಗಳೂರಿಗೆ ಅದು 85 ಲಕ್ಷ. 2022ರಲ್ಲಿ ಬೆಂಗಳೂರಿನ ಸೈಬರ್ ಪ್ರಕರಣಗಳು 9,940. 85ರಿಂದ ಭಾಗಿಸಿದರೆ ಲಕ್ಷಕ್ಕೆ ಸುಮಾರು 117. ನಗರದ ಜನಸಂಖ್ಯೆ ಒಂದೂಕಾಲು ಕೋಟಿ ಎಂದು ಇಟ್ಟುಕೊಂಡು ಭಾಗಿಸಿ ನೋಡಿ, 80ಕ್ಕೆ ಇಳಿಯುತ್ತದೆ. ವೇಗವಾಗಿ ಬೆಳೆದ ಊರು ಹತ್ತು ವರ್ಷ ಹಳೆಯ ಅಂಗಿ ತೊಟ್ಟು ನಿಂತರೆ ದಪ್ಪಗಾದಂತೆ ಕಾಣದೆ ಇರುತ್ತದೆಯೇ? ನಿಧಾನವಾಗಿ ಬೆಳೆದ ನಗರಗಳ ಜೊತೆ ಹೋಲಿಸುವಾಗ ಇದು ಬೆಂಗಳೂರಿಗೆ ಅನ್ಯಾಯ. 2027ರ ಜನಗಣತಿಯ ಅಂಕಿ ಕೈಗೆ ಬರುವವರೆಗೆ ನಗರಗಳ ಶ್ರೇಯಾಂಕಗಳನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು ಗೊಂದಲ ‘ಶಿಕ್ಷೆಯ ಪ್ರಮಾಣ’ದ್ದು. ಈ ವರ್ಷ ನೂರು ಪ್ರಕರಣ ದಾಖಲಾಗಿ ಅದರಲ್ಲಿ ಇಷ್ಟಕ್ಕೆ ಶಿಕ್ಷೆಯಾಯಿತು ಎಂದು ಅದರ ಅರ್ಥವಲ್ಲ. ಈ ವರ್ಷ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಎಷ್ಟಕ್ಕೆ ಶಿಕ್ಷೆಯಾಯಿತು ಎಂಬುದು. ಆ ಪ್ರಕರಣಗಳು ಎಷ್ಟೋ ವರ್ಷ ಹಿಂದಿನವಾಗಿರಬಹುದು. ಹಾಗೆಯೇ ಪ್ರಕರಣ ಯಾವ ವರ್ಷಕ್ಕೆ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ದಾಖಲಾದ ದಿನಾಂಕ, ಘಟನೆ ನಡೆದ ದಿನಾಂಕವಲ್ಲ.

2024ನೇ ಸಾಲಿನ ಅಂಕಿಗಳನ್ನು ಓದುವಾಗ ಇನ್ನೂ ಜಾಗ್ರತೆ ಬೇಕು. ಆ ವರ್ಷ ಜುಲೈ 1ರಂದು ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂತು. 511 ಕಲಂಗಳ ಜಾಗದಲ್ಲಿ 358. ವರ್ಷದ ಮೊದಲರ್ಧ ಹಳೆಯ ಕಾನೂನು, ಉತ್ತರಾರ್ಧ ಹೊಸದು. ಜೂನ್‌ನಲ್ಲಿ ನಡೆದ ಕಳವಿನ ದೂರು ಆಗಸ್ಟ್‌ನಲ್ಲಿ ಬಂದರೆ ಅದು ಮತ್ತೆ ಐಪಿಸಿ 379ಕ್ಕೇ ಹೋಗುತ್ತದೆ. ಮೊದಲು ಕಳವಿನಲ್ಲೋ ಸುಲಿಗೆಯಲ್ಲೋ ಸೇರುತ್ತಿದ್ದ ಸರಗಳ್ಳತನಕ್ಕೆ ಈಗ ಕಲಂ 304 ಎಂಬ ಸ್ವಂತ ಮನೆ ಸಿಕ್ಕಿದೆ. ಆದ್ದರಿಂದ ‘ಕಳವು ಇಳಿಯಿತು’ ಎಂಬ ಸುದ್ದಿಯನ್ನು ನೋಡಿದರೆ ಪಕ್ಕದ ಸಾಲನ್ನೂ ನೋಡಿ. ಗುಂಪು ಹತ್ಯೆಯ ಕಥೆಯೂ ಇಂಥದ್ದೇ. 2017ರಲ್ಲಿ ಅದರ ಅಂಕಿಗಳನ್ನು ಸಂಗ್ರಹಿಸಿ, ವ್ಯಾಖ್ಯೆ ಸ್ಪಷ್ಟವಿಲ್ಲ, ಅಂಕಿ ನಂಬಲರ್ಹವಲ್ಲ ಎಂದು ಪ್ರಕಟಿಸದೆ ಬಿಟ್ಟರು. ಈಗ ಕಲಂ 103(2) ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ ಮೊದಲಾದ ಕಾರಣಕ್ಕೆ ಮಾಡುವ ಕೊಲೆಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಅಲ್ಲೂ ಮೇಜಿನ ಮೇಲೆ ಆ ಉಪಕಲಂ ಬರೆದರೆ ಉಂಟು, ಬರೆಯದಿದ್ದರೆ ಇಲ್ಲ.

ಹಾಗಾದರೆ ನಂಬಬೇಕೇ, ಬೇಡವೇ? ಎಲ್ಲ ಸಾಲುಗಳನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಎನ್ನುತ್ತೇನೆ. ಕೊಲೆಯ ಅಂಕಿಯನ್ನು ಸಾಕಷ್ಟು ನಂಬಬಹುದು. ಹೆಣವನ್ನು ಬಚ್ಚಿಡುವುದು ಸುಲಭವಲ್ಲ. 2020ರಲ್ಲಿ 29,193, 2021ರಲ್ಲಿ 29,272, 2022ರಲ್ಲಿ 28,522. ಒಟ್ಟು ಮೊತ್ತ ಲಕ್ಷಗಳಲ್ಲಿ ಏರಿಳಿದ ವರ್ಷಗಳಲ್ಲೂ ಈ ಸಾಲು ಹೆಚ್ಚು ಕದಲಲಿಲ್ಲ. ವಾಹನ ಕಳವನ್ನೂ ತಕ್ಕಮಟ್ಟಿಗೆ ನಂಬಬಹುದು, ಏಕೆಂದರೆ ಎಫ್‌ಐಆರ್ ಇಲ್ಲದೆ ವಿಮೆಯ ಹಣ ಬರುವುದಿಲ್ಲ, ಮಾಲೀಕರು ಠಾಣೆ ಬಿಟ್ಟು ಕದಲುವುದಿಲ್ಲ. ಜೇಬುಗಳ್ಳತನ, ಕಿರುಕುಳ, ಮನೆಯೊಳಗಿನ ಹೊಡೆತ ಇವುಗಳಲ್ಲಿ ಅಂಕಿಯೇ ಬೇರೆ, ವಾಸ್ತವವೇ ಬೇರೆ. 2022ರಲ್ಲಿ ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯದ ಪ್ರಕರಣಗಳು ದೇಶದಲ್ಲಿ 1,40,019. ಪೊಲೀಸರನ್ನು ಕೇಳದೆ ಮನೆ ಮನೆಗೆ ಹೋಗಿ ಹೆಂಗಸರನ್ನೇ ಕೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನವರಲ್ಲಿ ಶೇ 29ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಕರ್ನಾಟಕದಲ್ಲಿ ಶೇ 44. ಹಿಂಸೆ ಅನುಭವಿಸಿದವರಲ್ಲಿ ಯಾರದ್ದಾದರೂ ಸಹಾಯ ಕೇಳಿದ್ದೇವೆ ಎಂದವರು ಶೇ 14 ಮಾತ್ರ, ಅವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಬಳಿಗೆ. ಇಂಗ್ಲೆಂಡಿನಲ್ಲಿ 1980ರ ದಶಕದಿಂದ, ಅಮೆರಿಕದಲ್ಲಿ ಅದಕ್ಕೂ ಮೊದಲಿನಿಂದ, ಎಲ್ಲ ಬಗೆಯ ಅಪರಾಧಗಳಿಗೂ ಹೀಗೆ ಜನರನ್ನೇ ಕೇಳುವ ಸಮೀಕ್ಷೆ ನಡೆಯುತ್ತಿದೆ. ನಮ್ಮಲ್ಲಿ ನಿಯಮಿತವಾದ ಅಂಥ ರಾಷ್ಟ್ರೀಯ ಸಮೀಕ್ಷೆ ಇಲ್ಲ. ಇದ್ದಿದ್ದರೆ ಠಾಣೆಯ ಲೆಕ್ಕವನ್ನು ಅದರ ಪಕ್ಕದಲ್ಲಿ ಇಟ್ಟು ನೋಡಬಹುದಿತ್ತು, ಪೊಲೀಸರಿಗೂ ಏರಿದ ಅಂಕಿಯ ಭಯ ಕಡಿಮೆಯಾಗುತ್ತಿತ್ತು.

ಇನ್ನು ನಿಮ್ಮ ಮೊಬೈಲ್. ‘ಕಳುವಾಗಿದೆ’ ಎಂಬ ಮಾತು ಸ್ಪಷ್ಟವಾಗಿ ಬರುವಂತೆ ದೂರನ್ನು ನೀವೇ ಬರೆಯಿರಿ: ಬಸ್ ಹತ್ತಿದ ಜಾಗ, ಸಮಯ, ಕೊನೆಯ ಬಾರಿ ಮೊಬೈಲ್ ಕೈಯಲ್ಲಿದ್ದದ್ದು ಯಾವಾಗ, ಮೊಬೈಲಿನ ಗುರುತಿನ ಸಂಖ್ಯೆಯಾದ ಐಎಂಇಐ. ನ್ಯಾಯ ಸಂಹಿತೆಯ ಕಲಂ 303(2) ಎಂದು ನಮೂದಿಸಿದರೂ ತೊಂದರೆಯಿಲ್ಲ. ತನಿಖೆ, ವಿಚಾರಣೆಯ ವಿಧಾನವನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ನೀವು ಯಾವ ಠಾಣೆಗಾದರೂ ದೂರು ಕೊಡಬಹುದು. ಓಡುವ ಬಸ್ಸಿನ ಕಳವಿಗೆ ಇದು ಅನುಕೂಲ. ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಠಾಣೆ ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ, ಬೆಂಗಳೂರಿನಂಥ ಕಮಿಷನರೇಟ್ ಇದ್ದರೆ ಡಿಸಿಪಿಯವರಿಗೆ, ಕಳುಹಿಸಿ ರಸೀದಿ ಇಟ್ಟುಕೊಳ್ಳಿ; ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಲು ಆ ರಸೀದಿ ಬೇಕಾಗುತ್ತದೆ. ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಮೊಬೈಲನ್ನು ನಿಷ್ಕ್ರಿಯಗೊಳಿಸುವ ಕೆಲಸಕ್ಕೆ ಈಗ ನಿಮ್ಮ ಬಳಿ ಇರುವ ಸ್ವೀಕೃತಿಯೇ ಸಾಕು, ಅದನ್ನು ಇವತ್ತೇ ಮಾಡಿ.